ನಮ್ಮ ಗುಡ್ಡದ ಸಿಂಗಳೀಕ

ಮನೆ ಉತಾರ ತರಲು ಪಂಚಾಯ್ತಿಗೆ ಹೋಗಿದ್ದೆ. ಕ್ಲರ್ಕ್ ಎದ್ದು ನಿಂತು ಕುರ್ಚಿ ಕೊಟ್ಟ. ಅಲ್ಲೇ ಅನುಮಾನ ಬಂತು.

“ನೀವು ಕಮಿಟಿ ಮೆಂಬರ್ ಅದೀರಲ್ರಿ ಸರ!”

ನಮ್ಮದು ಗದಗ ಜಿಲ್ಲೆಯ ಕಪ್ಪತಗುಡ್ಡದ ಬುಡದ ಊರು. ಕಮಿಟಿ ಅಂದರೆ ಜೀವವೈವಿಧ್ಯ ನಿರ್ವಹಣಾ ಸಮಿತಿ. 2002ರ ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತಿಗೂ ಒಂದು. ಊರಿನ ಗಿಡ, ಪ್ರಾಣಿ, ನಾರು-ಬೇರಿನ ಮದ್ದು ಎಲ್ಲವನ್ನೂ ಊರವರನ್ನೇ ಕೇಳಿ ಪುಸ್ತಕದಲ್ಲಿ ಬರೆಯಬೇಕು. ನಮ್ಮಲ್ಲಿ ಹದಿನೇಳು ವರ್ಷ ಯಾರಿಗೂ ಅವಸರವಿರಲಿಲ್ಲ. 2019ರಲ್ಲಿ ಪರಿಸರದ ಕೇಸು ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗದರಿತು: 2020ರ ಜನವರಿ 31ರೊಳಗೆ ಮುಗಿಸಿ, ಇಲ್ಲದಿದ್ದರೆ ರಾಜ್ಯ ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು. ಆಮೇಲೆ ನೋಡಿ, ಮಿರಗದ ಮಳೆಗೆ ಅಣಬೆ ಎದ್ದ ಹಾಗೆ ಸಮಿತಿಗಳು ಎದ್ದವು. ನಾನೂ ಹಾಗೇ ಎದ್ದ ಅಣಬೆ. ನನಗೆ ಹೇಳಿರಲಿಲ್ಲ, ಅಷ್ಟೇ.

ಪುಸ್ತಕ ತೆರೆದೆ. ನನ್ನ ಹೆಸರಿನ ಮುಂದೆ ಹೆಬ್ಬೆಟ್ಟು. ಎಂ.ಎ. ಓದಿದ್ದು ದಂಡ ಆಯ್ತಲ್ಲ! ಊರಿನ ಪ್ರಾಣಿಗಳ ಪಟ್ಟಿಯಲ್ಲಿ ಮೊದಲ ಹೆಸರು ಸಿಂಗಳೀಕ. ಪಾಪ, ಅದು ಪಶ್ಚಿಮ ಘಟ್ಟದ ದಟ್ಟ ಕಾಡು ಬಿಟ್ಟು ಬಾರದ ಮಂಗ, ಮರದಿಂದ ನೆಲಕ್ಕಿಳಿಯುವುದೇ ಅಪರೂಪ. ನಮ್ಮ ಕುರುಚಲು ಗುಡ್ಡಕ್ಕೆ ಬಂದರೆ ಮಧ್ಯಾಹ್ನದ ಬಿಸಿಲಿಗೆ ಟವೆಲ್ ಕೇಳುತ್ತದೆ. ತೋಳ, ಕತ್ತೆಕಿರುಬ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಪುಟ 17ರಲ್ಲಿ ಮಲೆನಾಡಿನ ಯಾವುದೋ ಪಂಚಾಯ್ತಿಯ ಹೆಸರು ಅಳಿಸಲು ಮರೆತಿದ್ದರು.

ಓಣಿಯ ಅಜ್ಜಿಗೆ ಗುಡ್ಡದ ಒಂದೊಂದು ಸೊಪ್ಪೂ ಗೊತ್ತು. ಅವಳ ಹೆಸರು ಎಲ್ಲೂ ಇಲ್ಲ. ಸಂಜೆ ಅವಳಿಗೆ ಸಿಂಗಳೀಕದ ಸುದ್ದಿ ಹೇಳಿದೆ. “ಯಪ್ಪಾ, ಅದು ಯಾರ ಮನಿ ಪಾವಣ್ಯಾರು?” ಅಂದಳು.

ಇದೇ ಗುಡ್ಡಕ್ಕೆ 2015ರಲ್ಲಿ ಸಂರಕ್ಷಿತ ಮೀಸಲು ಅಂತ ಹೆಸರು ಕೊಟ್ಟ ಸರ್ಕಾರ, ಮರುವರ್ಷವೇ ಕಿತ್ತುಕೊಂಡಿತ್ತು. ಬಂಗಾರದ ಗಣಿಯ ಮಾತು ಜೋರಾಗಿತ್ತು ನೋಡಿ. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ಜೊತೆ ಜನ ಬೀದಿಗಿಳಿದರು. 2017ರಲ್ಲಿ ಹೆಸರು ವಾಪಸ್ ಬಂತು, 2019ರಲ್ಲಿ ವನ್ಯಜೀವಿ ಧಾಮವೂ ಆಯಿತು. ಅಂದು ಧರಣಿ ಕೂತವರ ಹಾಜರಿಯನ್ನು ಯಾರೂ ತಗೊಂಡಿರಲಿಲ್ಲ.

ಮರುದಿನ ಕ್ಲರ್ಕ್‌ಗೆ “ಸಿಂಗಳೀಕ ತೆಗೀರಿ” ಅಂದೆ.

“ತಗದ್ರ ನಂಬರ್ ಕಮ್ಮಿ ಆಕ್ಕಾವ್ರಿ ಸರ. ಇರಲಿ ಬಿಡ್ರಿ, ಅದೇನ್ ಹುಲ್ಲು ಕೇಳ್ತದ?”

ನಡಾವಳಿ ಪುಸ್ತಕವನ್ನೂ ತಿರುವಿದೆ. ಕೊನೆಯ ಪುಟದಲ್ಲಿ ಮುಂದಿನ ತಿಂಗಳ ಸಭೆ ಆಗಲೇ ಮುಗಿದಿತ್ತು. ಠರಾವು ಸರ್ವಾನುಮತದಿಂದ ಪಾಸ್. ಕೆಳಗೆ ನನ್ನ ಹೆಬ್ಬೆಟ್ಟು, ಇನ್ನೂ ಶಾಯಿ ಹಸಿ.