420ರ ಎದುರು ಒಂದು

ನಿನ್ನೆ ಹರಟೆಯ ನಡುವೆ, ಅಮೆರಿಕದ ಡೆಮಾಕ್ರಟಿಕ್ ಪಕ್ಷದ ಸಂಸದೆಯಾಗಿದ್ದ ಬಾರ್ಬರಾ ಲೀ ಹೆಸರು ಬಂತು. ಎತ್ತಿದ್ದು ನಾನೇ. ನಿಮಗೆ ಗೊತ್ತಲ್ಲ, ಪಾರ್ಲಿಮೆಂಟು, ಓಟು ಅಂತ ಮಾತು ಬಂದ ಕಡೆ ನಾನು ಅವರ ಹೆಸರು ಹೇಳದೆ ಬಿಡುವುದಿಲ್ಲ. ಒಬ್ಬರು ತಕ್ಷಣ ಅಂದರು, 'ಒಬ್ಬರೇ ವಿರುದ್ಧ ಓಟು ಹಾಕಿದ್ರು, ಸರಿ. ಅದರಿಂದ ಏನಾಯ್ತು? ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ.' ಉಳಿದವರೂ ಹೌದು ಹೌದು ಅಂದುಬಿಟ್ಟರು. ನನಗೆ ತಡೆಯಲಾಗದಷ್ಟು ಸಿಟ್ಟು ಬಂತು. ಅಲ್ಲಿ ಹೇಳಲು ಆಗದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

2001ರ ಸೆಪ್ಟೆಂಬರ್ 14. ನ್ಯೂಯಾರ್ಕಿನ ಅವಳಿ ಗೋಪುರ ಬಿದ್ದು ಮೂರೇ ದಿನ. ಸತ್ತವರೆಷ್ಟು ಎಂಬ ಲೆಕ್ಕವೇ ಇನ್ನೂ ಸಿಕ್ಕಿರಲಿಲ್ಲ. ಹಗಲು ವಾಷಿಂಗ್ಟನ್ನಿನ ನ್ಯಾಷನಲ್ ಕ್ಯಾಥೆಡ್ರಲ್‌ನಲ್ಲಿ ಪ್ರಾರ್ಥನೆ ನಡೆಯಿತು. ಅದೇ ರಾತ್ರಿ ಅಮೆರಿಕ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿಗಳ ಸಭೆಯಲ್ಲಿ ಓಟು. ಸೈನಿಕ ಬಲ ಬಳಸಲು ಅಧ್ಯಕ್ಷರಿಗೆ ಅಧಿಕಾರ ಕೊಡುವ ನಿರ್ಣಯ ಅದು. ಮೇಲ್ಮನೆ ಸೆನೆಟ್ ಆಗಲೇ 98–0ರಲ್ಲಿ ಒಪ್ಪಿಯಾಗಿತ್ತು. ಬಾರ್ಬರಾ ಲೀ ಮಾತಾಡಲು ನಿಂತರು. ಆ ವಿಡಿಯೊ ಸಿಗುತ್ತದೆ, ದಯವಿಟ್ಟು ಒಮ್ಮೆ ನೋಡಿ. ಗಂಟಲು ಕಟ್ಟಿದೆ, ಮಾತು ತಡೆದು ತಡೆದು ಬರುತ್ತಿದೆ. ದೇಶ ದುಃಖದಲ್ಲಿದೆ, ಒಂದು ಗಳಿಗೆ ನಿಲ್ಲೋಣ, ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಯೋಚಿಸೋಣ ಎಂದರು. ನಾವು ಖಂಡಿಸುವ ಕೆಡುಕು ನಾವೇ ಆಗದಿರಲಿ ಅಂತ ಆ ದಿನದ ಪ್ರಾರ್ಥನೆಯಲ್ಲಿ ಪಾದ್ರಿಯೊಬ್ಬರು ಹೇಳಿದ್ದರು. ಅದನ್ನೇ ನೆನಪಿಸಿ ಮುಗಿಸಿದರು. ಎಷ್ಟು ಸಲ ನೋಡಿದರೂ ಆ ಜಾಗದಲ್ಲಿ ನನ್ನ ಕಣ್ಣು ತುಂಬುತ್ತದೆ. ಫಲಿತಾಂಶ 420–1.

ಏನಾಯ್ತು ಅಂತ ಕೇಳುವವರು ಮೊದಲು ಆ ನಿರ್ಣಯ ಓದಬೇಕು. ಅದರ ಜೀವಾಳ ಬರೀ 60 ಪದಗಳ ಒಂದು ವಾಕ್ಯ. ದಾಳಿ ಮಾಡಿದವರು, ನೆರವಾದವರು, ಅವರಿಗೆ ಆಸರೆ ಕೊಟ್ಟವರು ಯಾರು ಅಂತ ತೀರ್ಮಾನಿಸುವುದು ಅಧ್ಯಕ್ಷರೇ. ಯಾವ ದೇಶ ಅಂತ ಇಲ್ಲ. ಎಷ್ಟು ವರ್ಷ ಅಂತಲೂ ಇಲ್ಲ. ಲೀ ಹೆದರಿದ್ದು ಇದಕ್ಕೇ. ಅಫ್ಘಾನಿಸ್ತಾನದಲ್ಲಿ ಶುರುವಾದದ್ದು ಯೆಮನ್, ಸೊಮಾಲಿಯಾ ತನಕ ಹೋಯಿತು. 2014ರಲ್ಲಿ ಐಸಿಸ್ ಮೇಲಿನ ದಾಳಿಗೂ ಇದೇ ಕಾಗದ ತೋರಿಸಿದರು. ಬುಷ್, ಒಬಾಮಾ, ಟ್ರಂಪ್, ಬೈಡನ್, ಯಾರು ಬಂದರೂ ಇದನ್ನೇ ಹಿಡಿದರು. ಬರಲಿದ್ದ ಅಪಾಯವನ್ನು ಮೂರನೇ ದಿನವೇ ಕಂಡವರಿಗೆ 'ಏನಾಯ್ತು' ಅಂತ ಕೇಳುವುದಾ?

ಇನ್ನೊಂದು ಮಾತೂ ಬರುತ್ತದೆ. ಅವರ ಕ್ಷೇತ್ರ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಮತ್ತು ಬರ್ಕ್ಲಿ, ಅಮೆರಿಕದ ಅತಿ ಉದಾರವಾದಿ ಊರುಗಳು, ಅಲ್ಲಿ ಸೋಲುವ ಭಯ ಇಲ್ಲ, ಧೈರ್ಯ ಸುಲಭ ಅಂತ. ಕ್ಷೇತ್ರ ಗಟ್ಟಿ ಇದ್ದದ್ದು ನಿಜ. ಆದರೆ ಅಂಥ ಗಟ್ಟಿ ಕ್ಷೇತ್ರದವರು ಆ ಸಭೆಯಲ್ಲಿ ಎಷ್ಟೊಂದು ಜನ ಇದ್ದರು! ಯುದ್ಧ ಬೇಡ ಅಂತ ಜೀವನವಿಡೀ ಹೇಳಿಕೊಂಡು ಬಂದವರೂ ಇದ್ದರು. ಎಲ್ಲರೂ ಗುಂಪಿನಲ್ಲಿ ಗೋವಿಂದ ಅಂದರು. ಲೀಗೆ ಕೊಲೆ ಬೆದರಿಕೆಗಳು ಬಂದವು. ಹಗಲೂ ರಾತ್ರಿ ಪೊಲೀಸ್ ಕಾವಲು ಬೇಕಾಯಿತು. ಸುಲಭ ಅನ್ನುವ ಪದ ಇಲ್ಲಿ ಹೇಗೆ ಬರುತ್ತದೆ?

ಈ ಗಟ್ಟಿತನ ಒಂದೇ ರಾತ್ರಿಯಲ್ಲಿ ಬಂದದ್ದಲ್ಲ. ಅವರು 1946ರಲ್ಲಿ ಟೆಕ್ಸಸ್‌ನ ಎಲ್ ಪಾಸೊದಲ್ಲಿ ಹುಟ್ಟಿದರು. ಹೆರಿಗೆ ನೋವಲ್ಲಿದ್ದ ತಾಯಿಯನ್ನು ಕಪ್ಪು ಹೆಂಗಸು ಅಂತ ಆಸ್ಪತ್ರೆಯವರು ಮೊದಲು ಒಳಗೇ ಬಿಟ್ಟುಕೊಳ್ಳಲಿಲ್ಲವಂತೆ. ಮುಂದೆ ಓಕ್‌ಲ್ಯಾಂಡಿನ ಮಿಲ್ಸ್ ಕಾಲೇಜಿನಲ್ಲಿ ಓದುವಾಗ ಇಬ್ಬರು ಗಂಡುಮಕ್ಕಳನ್ನು ಒಬ್ಬರೇ ಸಾಕುತ್ತಿದ್ದರು. ಸರ್ಕಾರದ ನೆರವಿನ ಹಣದಲ್ಲಿ ಮನೆ ನಡೆಯುತ್ತಿತ್ತು. ಯಾವುದಾದರೂ ಚುನಾವಣಾ ಪ್ರಚಾರದಲ್ಲಿ ಕೆಲಸ ಮಾಡಬೇಕು ಅಂತ ಒಂದು ತರಗತಿಯ ನಿಯಮ. ಫೇಲಾದರೂ ಸರಿ, ಮಾಡಲ್ಲ ಅಂತ ಕೂತಿದ್ದರಂತೆ. ಆಗ ಶರ್ಲಿ ಚಿಸಂ ಕಾಲೇಜಿಗೆ ಬಂದರು. ಕಾಂಗ್ರೆಸ್‌ಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಆಯ್ಕೆಯಾದ ಮೊದಲ ಕಪ್ಪು ಮಹಿಳೆ, 1972ರಲ್ಲಿ ದೇಶದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದವರು. ಮೊದಲು ಹೋಗಿ ಮತದಾರರ ಪಟ್ಟಿಯಲ್ಲಿ ಹೆಸರು ಬರೆಸು ಅಂದರು. ಅಷ್ಟೇ. ಚಿಸಂ ಪ್ರಚಾರಕ್ಕೆ ಇಳಿದ ಹುಡುಗಿ ಬರ್ಕ್ಲಿಯಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಪಡೆದರು, ಸಂಸದ ರಾನ್ ಡೆಲ್ಲಮ್ಸ್ ಕಚೇರಿಯಲ್ಲಿ ದುಡಿದರು, ರಾಜ್ಯ ಶಾಸನಸಭೆಗೆ ಹೋದರು. 1998ರಲ್ಲಿ ಡೆಲ್ಲಮ್ಸ್ ಬಿಟ್ಟ ಜಾಗಕ್ಕೇ ಗೆದ್ದು ಬಂದರು.

ಬರೀ 'ಬೇಡ' ಅನ್ನುವವರು ಅಂತಲೂ ಅಂದುಕೊಳ್ಳಬೇಡಿ. ಯಾವ ಬುಷ್‌ಗೆ ಯುದ್ಧದ ಅಧಿಕಾರ ಕೊಡಲ್ಲ ಅಂದರೋ ಅದೇ ಬುಷ್ 2003ರಲ್ಲಿ ಏಡ್ಸ್ ಪರಿಹಾರದ ಕಾನೂನಿಗೆ ಸಹಿ ಹಾಕಿದರು. ಐದು ವರ್ಷಕ್ಕೆ 1,500 ಕೋಟಿ ಡಾಲರ್. ಅದನ್ನು ರೂಪಿಸಿದವರಲ್ಲಿ ಲೀ ಒಬ್ಬರು. ಆಫ್ರಿಕಾದ ಎಷ್ಟು ಮನೆಗಳಿಗೆ ಅದರಿಂದ ಔಷಧಿ ಮುಟ್ಟಿತು! ಇದನ್ನು ಯಾಕೆ ಯಾರೂ ಹೇಳುವುದಿಲ್ಲ?

2017ರ ಜೂನ್ ತಿಂಗಳು ನನಗೆ ತುಂಬಾ ಇಷ್ಟ. ಆ 2001ರ ಅಧಿಕಾರ ಎಂಟು ತಿಂಗಳಲ್ಲಿ ಮುಗಿಯಲಿ ಅಂತ ಲೀ ಹಣಕಾಸು ವಿನಿಯೋಗ ಸಮಿತಿಯಲ್ಲಿ ಒಂದು ತಿದ್ದುಪಡಿ ತಂದರು. ಸಮಿತಿಯಲ್ಲಿ ರಿಪಬ್ಲಿಕನ್ನರದೇ ಬಹುಮತ. ಆದರೂ ಧ್ವನಿಮತದಲ್ಲಿ ಪಾಸಾಯಿತು. ಸದಸ್ಯರು ಚಪ್ಪಾಳೆ ತಟ್ಟಿದರು. ಒಂಟಿಯಾಗಿ ನಿಂತವರ ಪಕ್ಕಕ್ಕೆ ಎದುರು ಪಕ್ಷದವರೂ ಬರಲು ಹದಿನಾರು ವರ್ಷ ಹಿಡಿಯಿತು. ಮುಂದಿನ ತಿಂಗಳು ಸಭೆಯ ನಾಯಕರು ಅದನ್ನು ಸದ್ದಿಲ್ಲದೆ ತೆಗೆಸಿಹಾಕಿದರು. ಲೀ ಬಿಡಲಿಲ್ಲ. 2021ರ ಜೂನ್‌ನಲ್ಲಿ ಇರಾಕ್ ಯುದ್ಧದ 2002ರ ಅಧಿಕಾರ ರದ್ದಾಗಬೇಕು ಅಂತ ಅವರು ತಂದ ಮಸೂದೆ ಪ್ರತಿನಿಧಿಗಳ ಸಭೆಯಲ್ಲಿ 268–161ರಲ್ಲಿ ಗೆದ್ದಿತು.

2024ರಲ್ಲಿ ಸೆನೆಟ್‌ಗೆ ನಿಂತು, ಕೊನೆಯ ಕಣಕ್ಕೆ ಯಾರು ಅಂತ ಆರಿಸುವ ಪ್ರಾಥಮಿಕ ಚುನಾವಣೆಯಲ್ಲೇ ನಾಲ್ಕನೆಯವರಾಗಿ ಸೋತರು. ನನಗೆ ಇವತ್ತಿಗೂ ಆ ಬೇಜಾರು ಹೋಗಿಲ್ಲ. ಮರುವರ್ಷವೇ ಓಕ್‌ಲ್ಯಾಂಡಿನ ಜನ ಅವರನ್ನು ಮೇಯರ್ ಮಾಡಿದರು. ಈಗ ಊರಿನ ಬಜೆಟ್ಟು, ರಸ್ತೆ, ಪೊಲೀಸು ನೋಡಿಕೊಳ್ಳುತ್ತಿದ್ದಾರೆ. ಅತ್ತ ಕಾಂಗ್ರೆಸ್‌ನಲ್ಲಿ ಆ 60 ಪದಗಳನ್ನು ತೆಗೆಸುವ ಕೆಲಸ ಅರ್ಧಕ್ಕೇ ನಿಂತಿದೆ. ಅವರು ಬಿಟ್ಟುಹೋದ ಕಡತವನ್ನು ಈಗ ಕೈಗೆತ್ತಿಕೊಳ್ಳುವವರು ಯಾರು? ಕೇಳಬೇಕಾದ ಪ್ರಶ್ನೆ ಇದು ಅಲ್ವಾ?