ಮೇಲೆ ಕಾಯಿ ಇದೆ, ಆಚೆ ಬಾ

ಫೋಟೋಗಳನ್ನೆಲ್ಲ ತಂಗಿಗೆ ಕಳಿಸಿದ್ದೆ. ಸ್ವಲ್ಪ ಹೊತ್ತಿಗೆ ಮೆಸೇಜು ಬಂತು: ‘ಜಾಗ ಸೂಪರ್ ಅಕ್ಕ. ಆದ್ರೆ ನೀನೆಲ್ಲಿ?’

ಇದ್ದೀನಿ. ಪ್ರತಿ ಫೋಟೋದ ಕೆಳಗಿನ ಮೂಲೆಯಲ್ಲಿ ಟೋಪಿಯ ಅಂಚು ಕಾಣುತ್ತಲ್ಲ, ಅದು ನಾನೇ. ಟೋಪಿಯ ಮೇಲೆ ಒಂದು ತೆಂಗಿನ ಮರ. ಅದರ ಸುಳಿ, ಹೊಂಬಾಳೆ, ಗೊನೆ, ಜೋತುಬಿದ್ದ ಒಣ ಗರಿ ಎಲ್ಲ ಎಣಿಸುವಷ್ಟು ಸ್ಪಷ್ಟವಾಗಿ ಬಂದಿವೆ. ಥೈಲ್ಯಾಂಡಿನ ದಡದ ಅಂಡಮಾನ್ ಸಮುದ್ರ ಬಂದಿಲ್ಲ. ಅಷ್ಟು ದುಡ್ಡು ಸುರಿದು ಹೋಗಿದ್ದೇ ಆ ಸಮುದ್ರ ನೋಡೋಕೆ.

ನಮ್ಮನೆಯವರ ಊರು ತಿಪಟೂರಿನ ಹತ್ತಿರ. ಇಷ್ಟು ಹೇಳಿದರೆ ಗೊತ್ತಾಗುವವರಿಗೆ ಗೊತ್ತಾಗುತ್ತೆ. ಬೆಂಗಳೂರಿನ ಆಫೀಸಿನಲ್ಲಿ ಆಯಸ್ಸು ಕಳೆದರೂ ಇವರ ಕಣ್ಣು ಮಾತ್ರ ಊರ ತೋಟದಲ್ಲೇ ಉಳಿದುಬಿಟ್ಟಿದೆ. ಬಸ್ಸಿನ ಕಿಟಕಿಯಾಚೆ ಯಾರದೋ ತೋಟ ಕಂಡರೆ ‘ಪಾತಿ ಮಾಡಿಲ್ಲ ನೋಡು, ಸೋಂಬೇರಿ’ ಅಂತ ಕಾಣದ ಯಜಮಾನನಿಗೆ ಬೈಯುತ್ತಾರೆ. ಬೆಳಿಗ್ಗೆ ಎದ್ದರೆ ಮೊದಲು ಕೊಬ್ಬರಿ ರೇಟು, ಆಮೇಲೆ ಹಲ್ಲುಜ್ಜುವುದು. ಇಂಥವರ ಜೊತೆ, ಮದುವೆಯಾದ ಮೂವತ್ತನೇ ವರ್ಷಕ್ಕೆ ಅಂತ, ಥೈಲ್ಯಾಂಡಿನ ಕ್ರಾಬಿಗೆ ಹೋಗಿ ಬಂದೆ. ಟಿಕೆಟ್ ಮಾಡಿಸಿದ್ದು ಮಗಳು. ‘ರಿಲ್ಯಾಕ್ಸಿಂಗೂ ಹೌದು, ಅಡ್ವೆಂಚರೂ ಹೌದು ಅಮ್ಮ’ ಅಂದಳು.

ನನಗೆ ಮೊದಲನೆಯದೇ ಸಾಕಿತ್ತು. ಹಾಲು ಬಂತಾ ಅಂತ ಎದ್ದು ಬಾಗಿಲು ತೆಗೆಯುವ ಹಾಗಿಲ್ಲ. ಕುಕ್ಕರಿನ ಸೀಟಿ ಎಣಿಸುವ ಹಾಗಿಲ್ಲ. ಇವತ್ತು ಏನು ಸಾರು ಅಂತ ಯಾರೂ ಕೇಳಲ್ಲ. ಸಮುದ್ರದ ಎದುರು, ಮರದ ನೆರಳಲ್ಲಿ ಚಾಪೆ ಹಾಸಿಕೊಂಡು ಸುಮ್ನೆ ಮಲಗಬೇಕು. ಆಸೆ ಇಷ್ಟೇ.

ಅಲ್ಲಿ ರೈಲೇ ಅಂತ ಒಂದು ಬೀಚಿದೆ. ದ್ವೀಪವಲ್ಲ, ಆದರೂ ಅಲ್ಲಿಗೆ ರಸ್ತೆ ಇಲ್ಲ. ಸುತ್ತ ಸುಣ್ಣಕಲ್ಲಿನ ಎತ್ತರದ ಬಂಡೆಗಳು ಅಡ್ಡ ನಿಂತಿರುವುದರಿಂದ ಆವ್ ನಾಂಗ್ ಎಂಬಲ್ಲಿಂದ ಉದ್ದ ಬಾಲದ ದೋಣಿಯಲ್ಲೇ ಹೋಗಬೇಕು. ದೋಣಿಯ ಹಿಂದೆ ಉದ್ದನೆಯ ಕಂಬಿ, ಅದರ ಆ ತುದಿಗೆ ಪುಟ್ಟ ಫ್ಯಾನು, ಈ ತುದಿಗೆ ಯಾವುದೋ ಹಳೇ ಗಾಡಿಯ ಎಂಜಿನ್ನು. ಮುಂದಿನ ಮೂತಿಗೆ ದೋಣಿ ಕಾಯುವ ದೇವಿಗಾಗಿ ಬಣ್ಣಬಣ್ಣದ ಬಟ್ಟೆ, ಹೂವಿನ ಹಾರ ಕಟ್ಟಿರುತ್ತಾರೆ. ಥೇಟ್ ನಮ್ಮ ಆಯುಧಪೂಜೆಯ ಲಾರಿ. ದಡ ಇನ್ನೂ ದೂರ ಇರುವಾಗಲೇ ಇಳಿಸಿಬಿಡುತ್ತಾರೆ. ಮೊಣಕಾಲವರೆಗಿನ ನೀರಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು. ನಡೆದೆ.

ಒಳ್ಳೇ ಜಾಗವೂ ಸಿಕ್ಕಿತು. ಸಮುದ್ರದ ಕಡೆ ಬಾಗಿದ ತೆಂಗಿನ ಮರ, ಕೆಳಗೆ ತಂಪು ನೆರಳು, ಎದುರಿಗೆ ಹಸಿರು ನೀರು. ಚಾಪೆ ಹಾಸಿದೆ. ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡೆ.

‘ಏಳೇ.’

‘ಯಾಕ್ರೀ?’

‘ಮೇಲೆ ಕಾಯಿ ಇದೆ. ಆಚೆ ಬಾ.’

ಟೋಪಿ ಸರಿಸಿ ನೋಡಿದೆ. ಕಾಯಿ ಇತ್ತು. ತೆಂಗಿನ ಮರದಲ್ಲಿ ಇನ್ನೇನು ಇರುತ್ತೆ?

‘ಕಾಯಿಗೆ ಮೂರು ಕಣ್ಣಿದೆ ರೀ, ನೋಡ್ಕೊಂಡೇ ಬೀಳುತ್ತೆ. ನಿಮ್ಮ ಅಮ್ಮನೇ ಹೇಳ್ತಿದ್ರು.’

‘ನಮ್ಮ ತೋಟದ ಕಾಯಿಗೆ ನಮ್ಮ ಪರಿಚಯ ಇರುತ್ತೆ ಕಣೇ. ಇವಕ್ಕೆ ನಾವು ಯಾರು ಅಂತ ಗೊತ್ತು?’

ಎದ್ದೆ. ಮುಂದಿನ ಮರದಲ್ಲಿ ಕಾಯಿ ಇನ್ನೂ ಎಳೆಯದು, ಆದರೆ ಒಣ ಗರಿಯೊಂದು ಈಗಲೋ ಆಗಲೋ ಅನ್ನುವ ಹಾಗಿತ್ತಂತೆ. ಅದರ ಪಕ್ಕದ ಮರಕ್ಕೆ ಕೆಂಪು ಮೂತಿ ಹುಳು ಬಿದ್ದಿದೆಯಂತೆ. ಕಾಂಡದ ತೂತಿಗೆ ಕಿವಿ ಇಟ್ಟು, ‘ಒಳಗೆ ಕರಕರ ಅಂತ ಅಗೀತಿದೆ, ಬಾ ಕೇಳು’ ಅಂತ ನನ್ನನ್ನೂ ಕರೆದರು. ಅಲೆಯ ಸದ್ದು ಕೇಳೋಕೆ ವಿಮಾನ ಹತ್ತಿ ಬಂದವಳು ಮರಕ್ಕೆ ಕಿವಿ ಹಚ್ಚಿ ನಿಂತೆ. ಏನೂ ಕೇಳಿಸಲಿಲ್ಲ. ‘ಹೂಂ’ ಅಂದೆ. ಸಂಸಾರದಲ್ಲಿ ಎಷ್ಟೋ ಸಲ ಹೀಗೆ ಹೂಂ ಅನ್ನಬೇಕಾಗುತ್ತೆ, ಅಲ್ವಾ?

ಕೊನೆಗೆ ಇವರು ಒಪ್ಪಿದ್ದು ಒಂದು ಕಾಡುಬಾದಾಮಿ ಮರವನ್ನು. ಅದರ ತುಂಬ ಕೆಂಪಿರುವೆ. ‘ಇರುವೆ ಕಚ್ಚಿದರೆ ಉರಿಯುತ್ತೆ ಅಷ್ಟೇ. ಕಾಯಿ ಹಾಗಲ್ಲ. ಸಿಪ್ಪೆ ಸಮೇತ ಒಂದೂವರೆ ಕೇಜಿ, ಅರವತ್ತು ಅಡಿಯಿಂದ’ ಅಂತ ಲೆಕ್ಕ ಒಪ್ಪಿಸಿದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ನಾವು ಬಿಟ್ಟುಬಂದ ಮೊದಲನೇ ಮರದ ಕೆಳಗೆ ಬಿಳಿಯರ ಜೋಡಿಯೊಂದು ಬಂದು ಟವೆಲ್ ಹಾಸಿತು. ಮೈಗೆಲ್ಲ ಕ್ರೀಮ್ ಬಳಿದುಕೊಂಡು, ಕಪ್ಪು ಕನ್ನಡಕ ಹಾಕಿ ಮಲಗಿಯೂ ಬಿಟ್ಟರು. ನನ್ನ ಜಾಗದಲ್ಲಿ! ಇವರು ಕೂತಲ್ಲೇ ಚಡಪಡಿಸಿದರು. ‘ಗೊತ್ತಿದ್ದೂ ಸುಮ್ನಿರೋದು ಪಾಪ’ ಅಂತ ಎದ್ದು ಹೊರಟೇಬಿಟ್ಟರು.

ಹೋದದ್ದು ಹೇಗೆ ಅಂತ ಹೇಳಬೇಕು. ಹಿಂದಿನ ಸಂಜೆ ಬೀದಿಬದಿಯಲ್ಲಿ ಕೊಂಡ ಆನೆ ಚಿತ್ರದ ದೊಗಳೆ ಪ್ಯಾಂಟು, ಬನಿಯನ್ನು, ಹೆಗಲ ಮೇಲೆ ಟವೆಲ್. ಹತ್ತಿರ ಹೋಗಿ ಕೆಮ್ಮಿದರು. ಆಕಾಶ ತೋರಿಸಿದರು. ಆಮೇಲೆ ಎರಡೂ ಅಂಗೈಯನ್ನು ತಮ್ಮ ತಲೆ ಮೇಲೆ ತಪತಪ ಬಡಿದು ತೋರಿಸಿದರು.

‘ನೋ ಮಸಾಜ್, ಥ್ಯಾಂಕ್ಯೂ’ ಅಂದ ಆ ಮನುಷ್ಯ.

ಅವನ ತಪ್ಪೇನೂ ಇಲ್ಲ. ಆ ದಡದ ಉದ್ದಕ್ಕೂ ಫುಟ್ ಮಸಾಜ್, ಹೆಡ್ ಮಸಾಜ್ ಅಂತ ಕರೆಯುವವರು ಇದ್ದೇ ಇರುತ್ತಾರೆ.

‘ನೋ ನೋ. ಕೊಕೊನಟ್!’ ಅಂದರು ಇವರು.

‘ನೋ ಕೊಕೊನಟ್, ಥ್ಯಾಂಕ್ಯೂ.’

ಇವರ ದನಿ ಏರಿತು. ‘ಕೊಕೊನಟ್! ಹೆಡ್! ಕೊಕೊನಟ್! ಹೆಡ್!’ ಜೊತೆಗೆ ತಪತಪ. ಈ ಸಲ ಹೆಂಗಸು ಕನ್ನಡಕ ಮೇಲೆತ್ತಿ ಎದ್ದು ಕೂತಳು. ಮುಖದಲ್ಲಿ ಆಸಕ್ತಿ. ‘ಓ, ಕೊಕೊನಟ್ ಆಯಿಲ್? ಹೆಡ್ ಮಸಾಜ್? ಹೌ ಮಚ್?’

ಇವರು ವಾಪಸ್ ಬಂದರು. ‘ಎಷ್ಟು ಅಂತ ಕೇಳ್ತಿದ್ದಾಳೆ ಕಣೇ. ಏನು ಹೇಳಲಿ?’

‘ಮುನ್ನೂರು ಬಾತ್ ಅನ್ನಿ. ರಾತ್ರಿ ಊಟದ ಖರ್ಚು ಹುಟ್ಟುತ್ತೆ’ ಅಂದೆ.

ಆ ಮಾತಿಗೆ ಸಿಟ್ಟು ಬಂದಿರಬೇಕು. ಪೊದೆಯ ಹತ್ತಿರ ಬಿದ್ದಿದ್ದ ಒಂದು ಬಲಿತ ಕಾಯಿ ಹುಡುಕಿ ತಂದರು. ಅವರಿಬ್ಬರ ಎದುರು ನಿಂತು, ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮರಳಿನ ಮೇಲೆ ಧೊಪ್ಪನೆ ಹಾಕಿದರು. ಜೋಡಿ ಟವೆಲ್ ಸುತ್ತಿಕೊಂಡು ಎದ್ದು ಹೋಯಿತು. ‘ಬುದ್ಧಿ ಬಂತು’ ಅಂತ ಇವರು ಗೆದ್ದು ಬಂದರು. ಅವರು ಹೆದರಿದ್ದು ಮರಕ್ಕಲ್ಲ ಅಂತ ನಾನು ಹೇಳಲಿಲ್ಲ. ಇನ್ನೊಂದು ಮಾತು. ನಾವು ಅಲ್ಲಿದ್ದಷ್ಟು ಹೊತ್ತೂ ಆ ಮರದಿಂದ ಒಂದೇ ಒಂದು ಕಾಯಿ ಬೀಳಲಿಲ್ಲ. ನಾನು ಕಾಯುತ್ತಲೇ ಇದ್ದೆ.

ರೈಲೇಯ ತುದಿಗೆ ಫ್ರಾ ನಾಂಗ್ ಗುಹೆ ಇದೆ. ಸಮುದ್ರಕ್ಕೆ ಇಳಿಯುವ ಮುನ್ನ ಮೀನುಗಾರರು ಅಲ್ಲಿಯ ದೇವಿಗೆ ಮರದ ಲಿಂಗಗಳನ್ನು ಅರ್ಪಿಸುತ್ತಾರೆ. ಲಿಂಗ ಅಂತ ಕೇಳಿದ್ದೇ ಇವರು ಭಕ್ತಿಯಿಂದ ಕೈ ಮುಗಿದುಕೊಂಡು ಒಳಗೆ ಹೋದರು. ಹತ್ತಿರದಿಂದ ಸರಿಯಾಗಿ ನೋಡಿದರು. ಕೈ ಇಳಿಸಿ, ಹಿಂದೆ ಬರುತ್ತಿದ್ದ ನನಗೆ ‘ನೀನು ಬರೋದು ಬೇಡ, ನಡಿ’ ಅಂದರು. ನಾನು ಆಗಲೇ ನೋಡಿ ಆಗಿತ್ತು.

ಅಡ್ವೆಂಚರು ಅಂದರೆ ಫೀ ಫೀ ದ್ವೀಪಗಳ ಸ್ಪೀಡ್‌ಬೋಟು. ಸೊಂಟ ನೋವಿರುವವರು ಹತ್ತಬೇಡಿ, ಇಷ್ಟೇ ನನ್ನ ವರದಿ. ಅಲ್ಲಿಯ ಮಾಯಾ ಬೇ ಅನ್ನುವ ಪುಟ್ಟ ಕೊಲ್ಲಿ ಮಾತ್ರ ನಿಜಕ್ಕೂ ಚೆಂದ. ಜನರ ನೂಕುನುಗ್ಗಲಿಗೆ ಹವಳವೆಲ್ಲ ಹಾಳಾಗಿ 2018ರಲ್ಲಿ ಮುಚ್ಚಿದ್ದರು, 2022ರಲ್ಲಿ ತೆರೆದರು. ಈಗ ಅಲ್ಲಿ ಈಜುವ ಹಾಗಿಲ್ಲ. ಮೊಣಕಾಲು ದಾಟಿ ನೀರಿಗಿಳಿದರೆ ಕಾವಲಿನವರು ಪೀಪಿ ಊದುತ್ತಾರೆ. ಅದು ನ್ಯಾಷನಲ್ ಪಾರ್ಕು, ಒಳಗೆ ಹೋಗೋಕೆ ತಲೆಗೆ ನಾನೂರು ಬಾತ್ ಕೊಡಬೇಕು. ‘ಕಾಲು ತೊಳೆಯೋಕೆ ಸಾವಿರ ರೂಪಾಯಿ’ ಅಂತ ಇವರು ದೋಣಿಯಲ್ಲಿ ಸಿಕ್ಕಿದ ಸೂರತ್ತಿನವರಿಗೂ ಹೇಳಿದರು, ನನಗೂ ಹೇಳಿದರು, ಊರಿಗೆ ಫೋನ್ ಮಾಡಿಯೂ ಹೇಳಿದರು.

ಆದರೆ ಇವರ ಜೀವ ಹಿಂಡಿದ್ದು ಎಳನೀರು. ಒಂದಕ್ಕೆ ಎಂಬತ್ತು ಬಾತ್. ನಮ್ಮ ಲೆಕ್ಕದಲ್ಲಿ ಇನ್ನೂರು ರೂಪಾಯಿ ಮೇಲೆ. ಊರಿಗೆ ಬಂದವರಿಗೆಲ್ಲ ಸುಮ್ನೆ ಕೆತ್ತಿ ಕೊಡುವ ಮನೆತನ. ಬೀದಿಯಲ್ಲಿ ನಿಂತು ದುಡ್ಡು ಎಣಿಸುವಾಗ ಇವರ ಮುಖ ನೋಡಲಾಗಲಿಲ್ಲ. ಅಲ್ಲಿ ಹಸಿರು ಸಿಪ್ಪೆಯೆಲ್ಲ ಹೆರೆದು, ಬೆಳ್ಳಗೆ ಮಾಡಿ, ಬುಡ ಚಪ್ಪಟೆ ಕತ್ತರಿಸಿ, ಐಸಿನಲ್ಲಿಟ್ಟು ಕೊಡುತ್ತಾರೆ. ನಾಮ್ ಹೋಮ್ ಅನ್ನುವ ತಳಿ, ನೀರಿಗೇ ಒಂದು ಸುವಾಸನೆ. ಇವರು ಒಂದು ಗುಟುಕು ಕುಡಿದು ಸುಮ್ಮನಾದರು. ಇನ್ನೊಂದು ಗುಟುಕು. ‘ಗಿಡ್ಡ ತಳಿ ಇರಬೇಕು’ ಅಂದರು. ಆಮೇಲೆ ನನ್ನದನ್ನೂ ಇಸಿದುಕೊಂಡು, ಚಮಚದಲ್ಲಿ ಗಂಜಿ ಕೆರೆದು ತಿಂದರು.

ವ್ಯಾನಿನ ಡ್ರೈವರ್ ಒಬ್ಬ ಮೊಬೈಲಿನಲ್ಲಿ ಅನುವಾದ ಮಾಡಿ ತೋರಿಸುತ್ತ, ಅವರದೇ ದೇಶದ ಸೂರತ್ ಥಾನಿ ಪ್ರಾಂತ್ಯದ ಕಡೆ ಕೋತಿಗಳಿಗೆ ಕಾಯಿ ಕೀಳುವುದನ್ನು ಕಲಿಸುತ್ತಾರೆ ಅಂತ ಹೇಳಿದ. ಅಷ್ಟೇ. ಇವರು ಹಿಂದಿನ ಸೀಟಿನಿಂದ ಎದ್ದು ಮುಂದೆ ಹೋಗಿ ಕೂತರು. ಒಂದು ಕೋತಿ ದಿನಕ್ಕೆ ಎಷ್ಟು ಮರ ಹತ್ತುತ್ತೆ? ಬಲಿತದ್ದು, ಎಳೆಯದು ಗೊತ್ತಾಗುತ್ತಾ? ಊಟಕ್ಕೇನು? ನಮ್ಮ ಕಡೆ ಕಾಯಿ ಕೀಳುವವರು ಸಿಗುವುದು ಎಷ್ಟು ಕಷ್ಟ ಅಂತ ತೋಟ ಇರುವವರಿಗೆ ಗೊತ್ತು. ಇವತ್ತು ಬರ್ತೀನಿ ಅಂದವನು ಫೋನ್ ಆಫ್ ಮಾಡಿಕೊಂಡರೆ ಮುಗೀತು. ಕೋತಿಗಳನ್ನು ಸರಪಳಿಯಲ್ಲಿ ಕಟ್ಟಿ ದುಡಿಸುತ್ತಾರೆ ಅಂತ 2020ರಲ್ಲಿ ಬ್ರಿಟನ್ನಿನ ಕೆಲವು ಅಂಗಡಿಗಳು ಥಾಯ್ ತೆಂಗಿನ ಹಾಲಿನ ಡಬ್ಬಿಗಳನ್ನೇ ಕಪಾಟಿನಿಂದ ತೆಗೆದಿದ್ದವು. ಅದನ್ನು ಹೇಳಿದೆ. ‘ಸರಪಳೀನಾ? ಹಾಗಾದ್ರೆ ಬೇಡಪ್ಪ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಆದರೂ ಅದರ ಹತ್ರ ಫೋನ್ ಇರಲ್ಲ ನೋಡು’ ಅಂತ ನಿಟ್ಟುಸಿರು ಬಿಟ್ಟರು.

ರೈಲೇಯಿಂದ ವಾಪಸ್ ಬರುವಾಗ ದೋಣಿಯಲ್ಲಿ ನೀರು ಮುಖಕ್ಕೆ ರಾಚುತ್ತಿತ್ತು. ಇವರು ತುಟಿ ನೆಕ್ಕಿಕೊಂಡು, ‘ಅಪ್ಪ ಮಳೆಗಾಲಕ್ಕೆ ಮುಂಚೆ ಪ್ರತಿ ಪಾತಿಗೂ ಉಪ್ಪು ಹಾಕಿಸೋರು’ ಅಂದರು. ಚೀಲ ಹೊತ್ತುಕೊಂಡು ಹಿಂದೆ ಹಿಂದೆ ಹೋಗುವುದು ಇವರ ಕೆಲಸವಂತೆ. ಇದು ಸಮುದ್ರದ ಕಡೆಯ ಮರ, ನಾವು ಇಲ್ಲಿ ತಂದು ನಿಲ್ಲಿಸಿದ್ದೀವಿ, ಉಪ್ಪು ಕೊಡದಿದ್ದರೆ ಬೇಜಾರು ಮಾಡ್ಕೊಳ್ಳುತ್ತೆ ಅನ್ನುತ್ತಿದ್ದರಂತೆ ನಮ್ಮ ಮಾವ. ಅವರು ಸಮುದ್ರ ನೋಡಿರಲಿಲ್ಲ. ಈ ಸಲ ಕಾಯಿ ಕಿತ್ತಾದ ಮೇಲೆ ಗೋಕರ್ಣಕ್ಕೆ ಹೋಗೋಣ ಅಂತ ವರ್ಷವರ್ಷವೂ ಹೇಳುತ್ತಿದ್ದರು. ತೆಂಗಿನ ತೋಟದಲ್ಲಿ ಕಾಯಿ ಕೀಳುವುದು ಮುಗಿಯುವುದು ಎಂದು? ನಾನು ಏನೋ ಹೇಳಬೇಕು ಅಂದುಕೊಂಡೆ. ಎಂಜಿನ್ನಿನ ಗದ್ದಲದಲ್ಲಿ ಹೇಳಿದರೂ ಕೇಳಿಸುತ್ತಿರಲಿಲ್ಲ.

ಮಾರನೇ ಬೆಳಿಗ್ಗೆ ಅದೇ ರಾಗ. ಹೋಟೆಲಿನ ಹಿತ್ತಲಲ್ಲಿ ಒಂದು ಮೊಳೆತ ಕಾಯಿ ಕಂಡು, ಅದನ್ನು ಸೂಟ್‌ಕೇಸಿನಲ್ಲಿ ಊರಿಗೆ ಒಯ್ಯುವ ಯೋಚನೆ ಶುರುವಾಯಿತು. ಪರ್ಮಿಟ್ ಇಲ್ಲದೆ ಹಾಗೆಲ್ಲ ಗಿಡ ತರುವ ಹಾಗಿಲ್ಲ ರೀ, ಏರ್‌ಪೋರ್ಟಿನಲ್ಲಿ ಹಿಡಿದುಕೊಳ್ಳುತ್ತಾರೆ ಅಂತ ಹೇಳಿ ಹೇಳಿ ಬಾಯಿ ಒಣಗಿತು. ಕೊನೆಗೆ ಅದನ್ನು ಹೋಟೆಲಿನ ಮಾಲಿಗೆ ಒಪ್ಪಿಸಿ ಬರ್ತೀನಿ ಅಂತ ಹೋದರು. ಹೊರಡುವ ಹೊತ್ತು. ವ್ಯಾನು ಬಂದು ನಿಂತಿದೆ. ಇನ್ನೆರಡು ಕುಟುಂಬಗಳು ಒಳಗೆ ಕೂತು ನನ್ನನ್ನೇ ನೋಡುತ್ತಿವೆ. ಇವರ ಪತ್ತೆ ಇಲ್ಲ. ಇವರ ವಾಚು ಬೇರೆ ಕೊನೆಯವರೆಗೂ ನಮ್ಮ ಟೈಮೇ ತೋರಿಸುತ್ತಿತ್ತು, ಅಂದರೆ ಒಂದೂವರೆ ಗಂಟೆ ಹಿಂದೆ. ಹಾಗಾಗಿ ಇವರಿಗೆ ಅವಸರವೇ ಇಲ್ಲ.

ನಾನೇ ಇಳಿದು ಹೋದೆ. ಹಿತ್ತಲಲ್ಲಿ ಮಾಲಿ ಥಾಯ್‌ನಲ್ಲಿ, ಇವರು ಕನ್ನಡದಲ್ಲಿ, ಇಬ್ಬರೂ ಭರ್ಜರಿ ಮಾತಾಡುತ್ತಿದ್ದರು. ಒಬ್ಬರ ಮಾತಿಗೆ ಇನ್ನೊಬ್ಬರು ತಲೆಯಾಡಿಸುತ್ತಿದ್ದರು. ಮೂವತ್ತು ವರ್ಷದಲ್ಲಿ ನನ್ನ ಮಾತಿಗೆ ಇವರು ಅಷ್ಟು ತಲೆಯಾಡಿಸಿದ್ದು ನನಗೆ ನೆನಪಿಲ್ಲ.

‘ರೀ, ಎಲ್ಲರೂ ಕಾಯ್ತಿದ್ದಾರೆ. ಬನ್ರೀ’ ಅಂತ ಕೂಗಿದೆ.

ಮಾಲಿ ತಿರುಗಿ ನೋಡಿ ಗಾಬರಿಯಾದ. ಎರಡೂ ಕೈ ಬೀಸಿದ. ನನ್ನ ತಲೆಯ ನೇರಕ್ಕೆ ಮೇಲೆ ತೋರಿಸಿದ. ಆಮೇಲೆ ತನ್ನ ತಲೆ ಮೇಲೆ ತಪತಪ ಬಡಿದುಕೊಂಡು, ಆಚೆ ಸರಿಯಿರಿ ಅಂತ ಸನ್ನೆ ಮಾಡಿದ.

‘ನೋಡಿದ್ಯಾ?’ ಅಂದರು ನಮ್ಮನೆಯವರು.