ಆ ಅಕ್ಕಿ ಡಬ್ಬ ಮುಚ್ಚಿಡಿ

ಇನ್ನು ಯಾರಾದ್ರೂ ನನ್ನ ಮುಂದೆ ‘ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಇಟ್ಟು ನೋಡಿದ್ರಾ?’ ಅಂದ್ರೆ ನಾನು ಸುಮ್ಮನಿರಲ್ಲ. ವಾರದಿಂದ ಇದೊಂದೇ ಮಾತು ಕೇಳಿ ಕೇಳಿ ತಲೆ ಕೆಟ್ಟಿದೆ. ಇಟ್ಟಿದ್ವಿ. ಎರಡು ರಾತ್ರಿ, ಒಂದು ಹಗಲು ಇಟ್ಟಿದ್ವಿ. ಉಳಿಸ್ಕೊಳ್ಳೋಕೆ ಇದ್ದ ಹೊತ್ತೆಲ್ಲ ಅಲ್ಲೇ ಹೋಯ್ತು.

ಆಗಿದ್ದು ಇಷ್ಟು. ಭಾನುವಾರ ಬೆಳಿಗ್ಗೆ ಬಟ್ಟೆ ನೆನೆಸಿಟ್ಟಿದ್ದ ಬಕೆಟ್ ಎತ್ತೋಕೆ ಬಗ್ಗಿದೆ, ಮೇಲ್ಜೇಬಿಂದ ಫೋನ್ ಜಾರಿ ಸೋಪಿನ ನೀರಿಗೆ ಬಿತ್ತು. ತಕ್ಷಣ ಕೈ ಹಾಕಿ ತೆಗೆದೆ. ನಾಲ್ಕೈದು ಸೆಕೆಂಡು ಇರಬಹುದು, ಅಷ್ಟೇ. ಸ್ಕ್ರೀನ್ ಇನ್ನೂ ಉರೀತಿತ್ತು. ಮೊದಲು ಆಫ್ ಮಾಡಬೇಕು ಅನ್ನೋದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡೋಕೆ ಬಿಡಲಿಲ್ಲವಲ್ಲ ಆ ಫೋನು! ಪಕ್ಕದ ಬಟನ್ ಒತ್ತಿ ಹಿಡಿದರೆ ಆಫ್ ಆಗ್ತಿದ್ದ ಕಾಲ ಹೋಯ್ತು. ಈಗ ಅದನ್ನು ಒತ್ತಿ ಹಿಡಿದರೆ ಒಳಗಿಂದ ಒಂದು ದನಿ ‘ಏನು ಸಹಾಯ ಬೇಕು’ ಅಂತ ಕೇಳುತ್ತೆ. ವಾಲ್ಯೂಮ್ ಬಟನ್ ಜೊತೆ ಸೇರಿಸಿ ಒತ್ತಿದ ಮೇಲೆ ಆಫ್ ಮಾಡೋ ಆಯ್ಕೆ ಬಂತು. ಅದನ್ನು ಮತ್ತೆ ಬೆರಳಲ್ಲಿ ಎಳೀಬೇಕು. ಒದ್ದೆಯಾದ ಸ್ಕ್ರೀನಿಗೆ ಬೆರಳು ಯಾವುದು, ನೀರಿನ ಹನಿ ಯಾವುದು ಅಂತ ಗೊತ್ತಾಗಲ್ಲ. ಅದರಷ್ಟಕ್ಕೆ ಕ್ಯಾಮೆರಾ ತೆರೀತು, ಯಾರಿಗೋ ಕಾಲ್ ಹೋಯ್ತು. ಅಂಗಿ ಅಂಚಲ್ಲಿ ಒರೆಸಿ ಒರೆಸಿ ಮೂರನೇ ಸಲಕ್ಕೆ ಆಫ್ ಆಯ್ತು. ಮೊದಲೆಲ್ಲ ಹಿಂದಿನ ಮುಚ್ಚಳ ಉಗುರಲ್ಲಿ ಎಬ್ಬಿಸಿ ಬ್ಯಾಟರಿ ಕಿತ್ತರೆ ಮುಗೀತಿತ್ತು, ಎರಡೇ ಸೆಕೆಂಡು. ಈಗ ಎಲ್ಲವನ್ನೂ ಅಂಟು ಹಾಕಿ ಮುಚ್ಚಿಬಿಟ್ಟಿದ್ದಾರೆ. ಆಪತ್ತಿನಲ್ಲಿ ಕರೆಂಟ್ ಕಡಿಯೋಕೆ ಒಂದು ನೇರವಾದ ದಾರಿ ಇಲ್ಲದ ವಸ್ತುವನ್ನು ನಮ್ಮ ಕೈಗೆ ಕೊಟ್ಟಿದ್ದಾರೆ.

ಆದರೂ ಆಫ್ ಆಗಿತ್ತಲ್ಲ. ಸಿಮ್ ಟ್ರೇ ತೆಗೆದೆ. ಚಾರ್ಜಿಂಗ್ ಪೋರ್ಟ್ ಕೆಳಗೆ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿದೆ, ನೊರೆ ನೊರೆಯಾಗಿ ಎರಡು ಹನಿ ಉದುರಿತು. ಫ್ಯಾನ್ ಕೆಳಗೆ ಇಟ್ಟು, ರಿಪೇರಿ ಮಾಡೋರ ನಂಬರ್ ಕೇಳೋಣ ಅಂತ ಪಕ್ಕದ ಮನೆಗೆ ಹೋದೆ. ವಾಪಸ್ ಬರೋಷ್ಟರಲ್ಲಿ ಭಾವ ಅದನ್ನು ಚಾರ್ಜರಿಗೆ ಸಿಕ್ಕಿಸಿ ಆನ್ ಮಾಡಿಬಿಟ್ಟಿದ್ದರು. ‘ನೋಡು, ಬಂತು! ಏನೂ ಆಗಿಲ್ಲ, ಸುಮ್ಮನೆ ಗಾಬರಿ ಬಿದ್ದೆ’ ಅಂತ ನಗ್ತಾ ಕೈಗೆ ಕೊಟ್ಟರು.

ಅಲ್ಲಿಗೆ ಮುಗೀತು.

ನೀರಷ್ಟೇ ಒಳಗೆ ಹೋದರೆ ಫೋನ್ ಒಡನೆ ಸಾಯಲ್ಲ. ನೀರಿನ ಜೊತೆ ಹೋಗೋ ಉಪ್ಪು, ಸೋಪು ಇರುತ್ತಲ್ಲ, ಅದಕ್ಕೆ ಕರೆಂಟ್ ಸೇರಿದಾಗ ಕೆಡುಕು ಶುರುವಾಗುತ್ತೆ. ಫೋನಿನ ಒಳಗಿರೋ ಸರ್ಕ್ಯೂಟ್ ಬೋರ್ಡಿನ ಮೇಲೆ ಕೂದಲೆಳೆ ದೂರದಲ್ಲಿರೋ ಎರಡು ಬಿಂದುಗಳ ನಡುವೆ ತಾಮ್ರ ಕರಗಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೇರಿನ ಹಾಗೆ ಬೆಳೆಯುತ್ತೆ. ಮುಟ್ಟಿದ ಕೂಡಲೇ ಶಾರ್ಟ್. ಆಫ್ ಆಗಿದ್ದರೆ ಇದು ನಿಧಾನ. ಬ್ಯಾಟರಿ ಒಳಗೇ ಇರೋದರಿಂದ ಪೂರ್ತಿ ನಿಲ್ಲಲ್ಲ, ಆದರೂ ನಿಧಾನ. ಆನ್ ಮಾಡಿ ಚಾರ್ಜಿಗೆ ಬೇರೆ ಹಾಕಿದರೆ ಬೆಂಕಿಗೆ ಎಣ್ಣೆ ಸುರಿದ ಹಾಗೆ. ಭಾವ ಹತ್ತು ನಿಮಿಷಕ್ಕೊಂದು ಸಲ ಆನ್ ಮಾಡಿ ನೋಡ್ತಾನೇ ಇದ್ದರು. ಮಧ್ಯಾಹ್ನ ಅಕ್ಕ ಹೇರ್ ಡ್ರೈಯರ್ ತಂದು ಬಿಸಿ ಗಾಳಿ ಬಿಟ್ಟಳು. ಅದು ಒಳಗಿನ ನೀರನ್ನು ಇನ್ನೂ ಒಳಕ್ಕೆ ತಳ್ಳುತ್ತೆ, ಸುತ್ತಲಿನ ಅಂಟನ್ನು ಮೆತ್ತಗೆ ಮಾಡುತ್ತೆ ಅಂತ ನಾನು ಬಾಯಿ ಬಡ್ಕೊಂಡರೂ ಕೇಳೋರು ಯಾರು? ಸಂಜೆ ಹೊತ್ತಿಗೆ ಸ್ಕ್ರೀನ್ ಮೇಲೆ ಗೆರೆ, ಸ್ಪೀಕರಲ್ಲಿ ಗೊರಗೊರ, ಆಮೇಲೆ ಪೂರ್ತಿ ಕಪ್ಪು.

ಆಗ ಬಂತು ಅಕ್ಕಿ. ಮನೆಮಂದಿಯೆಲ್ಲ ಒಂದೇ ಬಾಯಲ್ಲಿ ಅಕ್ಕಿ, ಅಕ್ಕಿ. ನನಗೂ ಅಷ್ಟೊತ್ತಿಗೆ ಜಗಳ ಆಡೋ ಶಕ್ತಿ ಉಳಿದಿರಲಿಲ್ಲ.

ಒಂದು ಸಲ ಯೋಚನೆ ಮಾಡಿ. ಅಂಟು ಹಾಕಿ ಮುಚ್ಚಿದ ಪೆಟ್ಟಿಗೆ ಒಳಗೆ, ತಗಡಿನ ಮುಚ್ಚಳದ ಕೆಳಗೆ ನಿಂತ ನೀರನ್ನು ಹೊರಗೆ ಬಿದ್ದಿರೋ ಅಕ್ಕಿ ಕಾಳು ಹೇಗೆ ಎಳೆಯುತ್ತೆ? ಸುಮ್ಮನೆ ಗಾಳಿ ಆಡೋ ಕಡೆ ಇಟ್ಟರೆ ಅದಕ್ಕಿಂತ ಬೇಗ ಒಣಗುತ್ತೆ. ನೀರು ಒಣಗಿದರೂ ಸೋಪು, ಉಪ್ಪು ಎಲ್ಲಿಗೆ ಹೋಗುತ್ತೆ? ಅಲ್ಲೇ ಕೂತು ತಿನ್ನುತ್ತಾ ಇರುತ್ತೆ. ಆಪಲ್ ಕಂಪನಿ 2024ರಲ್ಲಿ ಸೂಚನೆ ಕೊಟ್ಟಾಗ ಅಕ್ಕಿ ಚೀಲಕ್ಕೆ ಹಾಕಬೇಡಿ, ಅದರ ಸಣ್ಣ ಕಣಗಳು ಒಳಗೆ ಹೋಗಿ ಹಾಳು ಮಾಡ್ತವೆ ಅಂತ ನೇರವಾಗಿ ಬರೆದಿತ್ತು. ತಟ್ಟಿ ನೀರು ಉದುರಿಸಿ, ಗಾಳಿಯಲ್ಲಿಡಿ, ಕೊನೇಪಕ್ಷ 30 ನಿಮಿಷ ಚಾರ್ಜಿಗೆ ಹಾಕಬೇಡಿ, ಪೂರ್ತಿ ಒಣಗೋಕೆ 24 ಗಂಟೆ ಹಿಡಿಯಬಹುದು, ಪೋರ್ಟಿಗೆ ಹತ್ತಿ ಕಡ್ಡಿ ಕೂಡ ತುರುಕಬೇಡಿ ಅಂತಲೂ ಹೇಳಿತ್ತು. ಅದನ್ನು ಓದಿ ಹೇಳಿದ್ದಕ್ಕೆ ಮನೆಯಲ್ಲಿ ಬಂದ ಉತ್ತರ, ‘ಅವರಿಗೇನು, ಹೊಸ ಫೋನ್ ಮಾರಬೇಕು.’ ಮಂಗಳವಾರ ಬೆಳಿಗ್ಗೆ ಡಬ್ಬದಿಂದ ತೆಗೆದಾಗ ಚಾರ್ಜಿಂಗ್ ಪೋರ್ಟಲ್ಲಿ ಒಂದು ನುಚ್ಚು ಸಿಕ್ಕಿಕೊಂಡಿತ್ತು. ಸುತ್ತ ಬಿಳಿ ಹಿಟ್ಟು ನೀರಲ್ಲಿ ಕಲಸಿ ಗಟ್ಟಿ ಕಟ್ಟಿತ್ತು.

ಸರ್ವಿಸ್ ಸೆಂಟರಿಗೆ ಒಯ್ದೆ. ಹತ್ತು ತಿಂಗಳ ಫೋನು, ವಾರಂಟಿ ಇದೆ, ಡಬ್ಬಿ ಮೇಲೆ ನೀರು, ದೂಳು ತಡೆಯುತ್ತೆ ಅನ್ನೋ ಗುರುತು ಐಪಿ68 ಅಂತ ದಪ್ಪಕ್ಷರದಲ್ಲಿದೆ. ಕೌಂಟರಲ್ಲಿದ್ದವರು ಸಿಮ್ ಜಾಗಕ್ಕೆ ಟಾರ್ಚ್ ಬಿಟ್ಟರು. ಅಲ್ಲೊಂದು ಪುಟ್ಟ ಬಿಳಿ ಸ್ಟಿಕರ್ ಇರುತ್ತೆ, ನೀರು ತಾಗಿದರೆ ಕೆಂಪಾಗುತ್ತೆ. ಕೆಂಪಾಗಿತ್ತು. ‘ಲಿಕ್ವಿಡ್ ಡ್ಯಾಮೇಜ್, ವಾರಂಟಿ ಬರಲ್ಲ. ಬೋರ್ಡ್ ಬದಲಾಯಿಸಬೇಕು, ಡೇಟಾ ಹೋಗುತ್ತೆ, ಇಲ್ಲಿ ಸೈನ್ ಮಾಡಿ.’ ಬಿಚ್ಚಿ ಕೂಡ ನೋಡಲಿಲ್ಲ.

ಹಾಗಿದ್ದರೆ ಆ ಐಪಿ68 ಯಾತಕ್ಕೆ? ಐಇಸಿ 60529 ಅನ್ನೋ ಮಾನದಂಡದಲ್ಲಿ ಮೊದಲ ಅಂಕಿ ದೂಳಿಗೆ, ಎರಡನೇದು ನೀರಿಗೆ. 7 ಅಂದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ. 8 ಅಂದರೆ ಅದಕ್ಕಿಂತ ಕಠಿಣ, ಎಷ್ಟು ಅನ್ನೋದನ್ನು ತಯಾರಿಸೋ ಕಂಪನಿಯೇ ಹೇಳುತ್ತೆ. ಆ ಪರೀಕ್ಷೆ ನಡೆಯೋದು ಹೊಸ ಫೋನಿನ ಮೇಲೆ, ನಿಂತ ಸಿಹಿ ನೀರಲ್ಲಿ. ಸೋಪು ಬೆರೆತ ನೀರು ಸಾದಾ ನೀರು ನುಗ್ಗದ ಸಂದಿಗೂ ನುಗ್ಗುತ್ತೆ. ಒಂದು ಸಲ ಫೋನ್ ಕೈಜಾರಿ ನೆಲಕ್ಕೆ ಬಿದ್ದಿದ್ದರೆ ಅಂಚಿನ ಅಂಟು ಬಿಟ್ಟಿರಬಹುದು. ಇದೆಲ್ಲ ಅವರಿಗೆ ಗೊತ್ತು. ಗೊತ್ತಿದ್ದೇ ಜಾಹೀರಾತಲ್ಲಿ ಫೋನ್ ಮೇಲೆ ನೀರು ಎರಚಿ ತೋರಿಸ್ತಾರೆ, ವಾರಂಟಿ ಕಾಗದದ ಮೂಲೆಯಲ್ಲಿ ನೀರಿನ ಹಾನಿಗೆ ನಾವು ಹೊಣೆಯಲ್ಲ ಅಂತ ಬರೀತಾರೆ. ಇದು ಮೋಸ. ಬೇರೆ ಹೆಸರು ನನಗೆ ಗೊತ್ತಿಲ್ಲ.

ಕೊನೆಗೆ ಬೋರ್ಡ್ ರಿಪೇರಿ ಮಾಡೋ ಒಬ್ಬ ಹುಡುಗ ಸಿಕ್ಕಿದ. ನನ್ನ ಎದುರೇ ಬಿಚ್ಚಿ, ತಗಡು ತೆಗೆದು, ಮೈಕ್ರೋಸ್ಕೋಪಲ್ಲಿ ನೋಡಿ ಅಂದ. ಚಾರ್ಜಿಂಗ್ ನೋಡ್ಕೊಳ್ಳೋ ಚಿಪ್ (ಐಸಿ) ಸುತ್ತ ಹಸಿರು ಕಿಲುಬು, ಹಳೇ ತಾಮ್ರದ ಪಾತ್ರೆಗೆ ಹಿಡಿಯುತ್ತಲ್ಲ, ಅದೇ. ಎರಡು ಸಣ್ಣ ಬಿಡಿಭಾಗ ಪೂರ್ತಿ ತಿಂದು ಹೋಗಿದ್ದವು. ‘ಆನ್ ಮಾಡಿದ್ರಾ?’ ಅಂತ ಕೇಳಿದ. ಹೇಳಿದೆ. ‘ಅವತ್ತೇ ಹಾಗೇ ತಂದಿದ್ದರೆ ಬಿಚ್ಚಿ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ತೊಳೆದು ಕೊಡಬಹುದಿತ್ತು’ ಅಂದ. ಮೆಮೊರಿ ಚಿಪ್ ಒಂದನ್ನೇ ಕಿತ್ತು ಡೇಟಾ ತೆಗೀರಿ ಅಂದೆ. ಆಗಲ್ಲ ಅಂದ. ಒಳಗಿರೋದೆಲ್ಲ ಬೀಗ ಹಾಕಿದ ಹಾಗೆ, ಬೀಗದ ಕೈ ಪ್ರೊಸೆಸರಲ್ಲಿ ಇರುತ್ತೆ. ಬೋರ್ಡಿಗೇ ಜೀವ ಬರಬೇಕು.

ಫೋನ್ ಹೋದರೆ ಹೋಗಲಿ. ಸಿಮ್ ಹಳೇ ಫೋನಿಗೆ ಹಾಕ್ಕೊಂಡೆ, ಒಟಿಪಿ ಬರ್ತಿದೆ, ದಿನ ನಡೀತಿದೆ. ಆದರೆ ಆ ಹೋದ ಫೋನಲ್ಲಿ ಅಮ್ಮನ ಸಕ್ಕರೆ ಕಾಯಿಲೆಯ ಲೆಕ್ಕ ಇತ್ತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಎಷ್ಟು, ಊಟ ಆಗಿ ಎರಡು ಗಂಟೆಗೆ ಎಷ್ಟು, ಯಾವ ಮಾತ್ರೆಗೆ ತಲೆ ಸುತ್ತಿತು, ಎಲ್ಲ ಬರೆದಿಡ್ತಿದ್ದೆ. ಆನ್‌ಲೈನಲ್ಲಿ ಕೊಡೋ ಬಿಟ್ಟಿ ಜಾಗ ತುಂಬಿ ಬ್ಯಾಕಪ್ ನಿಂತಿತ್ತು, ಈ ವಾರ ಸರಿ ಮಾಡೋಣ ಅಂದುಕೊಂಡಿದ್ದೆ. ಭಾವನ ಮೇಲೆ ಕೂಗಾಡೋಕೂ ಆಗಲ್ಲ, ಒಳ್ಳೇದಕ್ಕೇ ಅಂತ ಮಾಡಿದ್ದು. ಅದಕ್ಕೇ ಇನ್ನೂ ಹೊಟ್ಟೆ ಉರಿಯುತ್ತೆ.

ನಿನ್ನೆ ಡಾಕ್ಟರ್ ಹತ್ತಿರ ಹೋಗಿದ್ವಿ. ಮೂರು ತಿಂಗಳ ರೀಡಿಂಗ್ ತೋರಿಸಿ ಅಂದರು. ಅಮ್ಮ ನನ್ನ ಮುಖ ನೋಡಿದಳು. ನೆನಪಿದ್ದ ನಾಲ್ಕು ಸಂಖ್ಯೆ ಹೇಳಿದೆ, ಅದೂ ಯಾವ ದಿನದ್ದು ಅಂತ ಕೇಳಿದಾಗ ಹೇಳೋಕೆ ಬರಲಿಲ್ಲ. ಡಾಕ್ಟರ್ ಪೆನ್ನು ಕೆಳಗಿಟ್ಟು, ಮಾತ್ರೆ ಈಗ ಬದಲಾಯಿಸೋದು ಬೇಡ, ಮತ್ತೆ ಮೊದಲಿಂದ ಬರೆದುಕೊಂಡು ಬನ್ನಿ ಅಂದರು.